ಕಾಲು ಮುರಿದವನು ಭಾಷಣ ಮಾಡುವುದಿಲ್ಲ

ಪ್ರೀತಿಯ ತಮ್ಮ,

ನಿನ್ನ ಕಥೆ ಓದಿದೆ. ಜತೆಗೆ ಕಳಿಸಿದ ಮಾತುಗಳ ಪಟ್ಟಿಯನ್ನೂ ಓದಿದೆ. ನಿಜ ಹೇಳಬೇಕೆಂದರೆ ಕಥೆಗಿಂತ ಪಟ್ಟಿಯೇ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟಿತು. 'ಗೋಲ್ಡನ್ ಕಾಮುಯ್' ಅನ್ನುವ ಜಪಾನಿ ಅನಿಮೆ ನೋಡುತ್ತಾ ಇಷ್ಟವಾದ ಮಾತುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೀಯ. ಬದುಕಿ ಉಳಿಯುವ ಬಗ್ಗೆ ಒಂದಿಷ್ಟು, ನಿಷ್ಠೆಯ ಬಗ್ಗೆ ಒಂದಿಷ್ಟು, ಜಪಾನಿನ ಮೂಲನಿವಾಸಿಗಳಾದ ಐನು ಜನರ ನಂಬಿಕೆಯ ಬಗ್ಗೆ ಒಂದಿಷ್ಟು. ಕೊನೆಗೆ ಒಂದು ಪ್ರಶ್ನೆ: "ಅಕ್ಕಾ, ಇಂಥ ಮಾತು ಬರೆಯೋದು ಹೇಗೆ?"

ಪ್ರಶ್ನೆ ಚೆನ್ನಾಗಿದೆ. ಆದರೆ ಅದೇ ಪ್ರಶ್ನೆ ನಿನ್ನ ಕಥೆಯನ್ನು ಕೆಡಿಸಿದೆ. ನಿನ್ನ ಇಬ್ಬರು ಗೆಳೆಯರು ಮಳೆಗಾಲದಲ್ಲಿ ಘಟ್ಟದ ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಒಬ್ಬ ಬಂಡೆಯಿಂದ ಜಾರಿ ಕಾಲು ಮುರಿದುಕೊಳ್ಳುತ್ತಾನೆ. ಅಲ್ಲಿಯವರೆಗೆ ಕಥೆ ಗಟ್ಟಿಯಾಗಿದೆ, ಜಿಗಣೆ ಕಿತ್ತು ಹಾಕುವ ಭಾಗವಂತೂ ನನಗೆ ಬಹಳ ಹಿಡಿಸಿತು. ಆಮೇಲೆ ಕಾಲು ಮುರಿದವನು ಬಾಯಿ ತೆರೆಯುತ್ತಾನೆ. ಗೆಳೆತನ ಅಂದರೆ ಏನು, ಸಾವು ಅಂದರೆ ಏನು, ಕಾಡು ಮನುಷ್ಯನಿಗೆ ಏನು ಕಲಿಸುತ್ತದೆ ಅಂತ ಉಸಿರು ಕಟ್ಟಿ ಹೇಳುತ್ತಾನೆ. ಕಾಲು ಮುರಿದವನು ಅಷ್ಟೆಲ್ಲ ಮಾತಾಡುತ್ತಾನಾ ಮಾರಾಯ? "ಅಯ್ಯೋ" ಅನ್ನುತ್ತಾನೆ, ನೀರು ಕೇಳುತ್ತಾನೆ, ನಿನ್ನಿಂದಲೇ ಹೀಗಾಯ್ತು ಅಂತ ಗೆಳೆಯನನ್ನು ಬೈಯುತ್ತಾನೆ.

ಹಾಗಾಗಿ ನಿನ್ನ ಪಟ್ಟಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ. ಆ ಮಾತುಗಳು ಅಲ್ಲಿಗೆ ಬಂದದ್ದು ಹೇಗೆ ಅಂತ ಒಂದೊಂದಾಗಿ ನೋಡೋಣ. ನೀನು ಅನಿಮೆಯನ್ನು ನೋಡಿದ್ದೀಯ, ಆದ್ದರಿಂದ ಗುಟ್ಟು ಬಿಟ್ಟುಕೊಡುವ ಭಯ ನನಗಿಲ್ಲ. ನಾನು ನೋಡಿದ್ದು ನನ್ನ ಮಗಳ ಕಾಟಕ್ಕೆ. ಮೊದಲ ಸೀಸನ್ನಿನ ಕಂಪ್ಯೂಟರ್ ಕರಡಿಯನ್ನು ಕಂಡು ನಕ್ಕುಬಿಟ್ಟಿದ್ದೆ, ಅದನ್ನು ಕಂಡು ಜಗತ್ತೇ ನಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು. ಆದರೂ ಎದ್ದು ಹೋಗಲಿಲ್ಲ. ನಂತರ ಅದರ ಮೂಲವಾದ ಮಂಗಾ, ಅಂದರೆ ಚಿತ್ರಕಥೆಯ ಪುಸ್ತಕಗಳನ್ನೂ ಓದಿದೆ, 31 ಸಂಪುಟ.

ನಿನ್ನ ಪಟ್ಟಿಯಲ್ಲಿ ಮೊದಲನೆಯದು ಕಥಾನಾಯಕ ಸುಗಿಮೊಟೊ ಕೂಗುವ ಮಾತು. "ನಾನು ಸಾವಿಲ್ಲದ ಸುಗಿಮೊಟೊ!" ಇದನ್ನು ಬರೀ ಕಾಗದದ ಮೇಲೆ ಇಟ್ಟು ನೋಡು. ಏನಿದೆ ಇದರಲ್ಲಿ? ಯಾವ ಹೊಡೆದಾಟದ ಸಿನಿಮಾದಲ್ಲಿ ಬೇಕಾದರೂ ನಾಯಕ ಇದನ್ನು ಕಿರುಚಬಹುದು. ಆದರೆ ಇದನ್ನು ಕೂಗುವವನು ಯಾರು ಅಂತ ನೆನಪು ಮಾಡಿಕೋ. ಅವನ ಮನೆಯವರೆಲ್ಲ ಕ್ಷಯದಿಂದ ಸತ್ತರು. ಅವನು ಮನೆಗೆ ಬೆಂಕಿ ಇಟ್ಟು ಊರು ಬಿಟ್ಟ. ಪ್ರೀತಿಸಿದ ಹುಡುಗಿಯನ್ನು ಗೆಳೆಯ ತೋರಾಜಿ ಮದುವೆಯಾದ. ಆ ಗೆಳೆಯನೂ ರಷ್ಯಾ ಜತೆಗಿನ ಯುದ್ಧದಲ್ಲಿ ಸತ್ತ, ಸಾಯುವಾಗ ಹೆಂಡತಿಯ ಕಣ್ಣಿನ ಚಿಕಿತ್ಸೆಯ ಹೊಣೆಯನ್ನು ಇವನಿಗೆ ವಹಿಸಿಹೋದ. ಬಂಗಾರ ಹುಡುಕಲು ಇವನು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಬಂದದ್ದೇ ಅದಕ್ಕಾಗಿ. 1904ರ ಕೊನೆಯಲ್ಲಿ ಪೋರ್ಟ್ ಆರ್ಥರ್ ಹತ್ತಿರದ 203 ಮೀಟರ್ ಗುಡ್ಡವನ್ನು ಹಿಡಿಯಲು ಸಾವಿರಾರು ಜಪಾನಿ ಸೈನಿಕರು ಸತ್ತರು. ಅಲ್ಲಿಂದ ಎದ್ದು ಬಂದವನು ಇವನು.

ಸುತ್ತಲಿನವರೆಲ್ಲ ಹೋದ ಮೇಲೂ ಒಬ್ಬನೇ ಉಳಿದವನು "ನನಗೆ ಸಾವಿಲ್ಲ" ಅಂದರೆ ಅದು ಜಂಬವಾಗಿ ಕೇಳುವುದಿಲ್ಲ. ಸ್ವಲ್ಪ ಶಾಪದ ಹಾಗೂ ಕೇಳುತ್ತದೆ, ಅಲ್ವಾ? ಮಂಗಾ ಬರೆದ ನೋಡಾ ಸತೋರು ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಅದೇ ಕೂಗನ್ನು ಮತ್ತೆ ಮತ್ತೆ ಹಾಕಿಸುತ್ತಾರೆ, ಪ್ರತಿ ಸಲವೂ ಅವನ ಮೈಮೇಲೆ ಒಂದು ಗಾಯ ಜಾಸ್ತಿ ಇರುತ್ತದೆ. ಬರುಬರುತ್ತಾ ನಮಗೇ ಅನುಮಾನ ಶುರುವಾಗುತ್ತದೆ: ಇವನು ಶತ್ರುವನ್ನು ಹೆದರಿಸುತ್ತಿದ್ದಾನೋ, ತನ್ನನ್ನೇ ನಂಬಿಸಿಕೊಳ್ಳುತ್ತಿದ್ದಾನೋ? ಮಾತು ಬದಲಾಗಿಲ್ಲ, ಅದನ್ನು ಹೇಳುವವನು ಬದಲಾಗಿದ್ದಾನೆ. ಅಂದಹಾಗೆ, ಸುಗಿಮೊಟೊ ಸೈಚಿ ಅನ್ನುವುದು ಆ ಯುದ್ಧಕ್ಕೆ ಹೋಗಿದ್ದ ನೋಡಾ ಅವರ ಮುತ್ತಜ್ಜನ ಹೆಸರು. ಇಷ್ಟೊಂದು ಸಾಯುವ ಕಥೆಯಲ್ಲಿ ಸಾಯದವನಿಗೆ ಮನೆಯವರ ಹೆಸರಿಟ್ಟಿದ್ದಾರೆ. ಯಾಕೆ ಅಂತ ನಾನು ಊಹಿಸಲು ಹೋಗುವುದಿಲ್ಲ, ನನಗೆ ಇಷ್ಟವಾಯಿತು ಅಷ್ಟೇ.

ಈಗ ಊಟಕ್ಕೆ ಬರೋಣ. ನಿನ್ನ ಪಟ್ಟಿಯಲ್ಲಿ ಊಟದ ಒಂದು ಮಾತೂ ಇಲ್ಲ. ಇದು ನನಗೆ ಆಶ್ಚರ್ಯ ತಂದಿತು, ಯಾಕೆಂದರೆ ಈ ಕಥೆಯ ನಿಷ್ಠೆ ಎಲ್ಲಾ ಬೆಳೆಯುವುದು ಒಲೆಯ ಸುತ್ತ. ಕತ್ತಿ ಬಂದೂಕುಗಳ ನಡುವೆ ಅದು ಒಡೆಯುತ್ತದೆ, ಆದರೆ ಕಟ್ಟಿಕೊಳ್ಳುವುದು ಅಡುಗೆಯಲ್ಲಿ.

ಸುಗಿಮೊಟೊ ಜತೆಗೆ ಅಲೆಯುವ ಐನು ಹುಡುಗಿ ಅಸಿರ್ಪಾ ಅಳಿಲು ಹಿಡಿಯುತ್ತಾಳೆ. ಅದರ ಮಿದುಳನ್ನು ಹಸಿಯಾಗಿಯೇ ಸುಗಿಮೊಟೊ ಮುಂದೆ ಹಿಡಿಯುತ್ತಾಳೆ. ಅವನ ಮುಖ ಹುಳ್ಳಗಾಗುತ್ತದೆ, ಆದರೆ ಬೇಡ ಅನ್ನಲು ಆಗುವುದಿಲ್ಲ, ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಇವನ ಸರದಿ. ತನ್ನ ಹತ್ತಿರ ಇದ್ದ ಮಿಸೊ ತೆಗೆಯುತ್ತಾನೆ, ಸೋಯಾಬೀನ್ ಹುದುಗಿಸಿ ಮಾಡಿದ ಕಂದು ಬಣ್ಣದ ಆ ಗಟ್ಟಿ ಮುದ್ದೆ. ಅಸಿರ್ಪಾ ಅದನ್ನು ನೋಡಿ ಹೇಲು, ಐನು ಮಾತಿನಲ್ಲಿ ಒಸೊಮಾ, ಅಂದುಕೊಳ್ಳುತ್ತಾಳೆ. ತಿನ್ನುವುದಿಲ್ಲ ಅಂತ ಹಟ ಹಿಡಿಯುತ್ತಾಳೆ. ಕೊನೆಗೊಂದು ದಿನ ರುಚಿ ನೋಡುತ್ತಾಳೆ, ಇಷ್ಟವಾಗಿಬಿಡುತ್ತದೆ. ಅಲ್ಲಿಂದ ಮುಂದೆ "ಸುಗಿಮೊಟೊ, ಒಸೊಮಾ ಹಾಕು" ಅಂತ ಅದೇ ಹೆಸರಿನಿಂದ ಕೇಳುತ್ತಾಳೆ. ಅವನು ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾಗುತ್ತಾನೆ.

ಒಬ್ಬರ ಆಹಾರ ಇನ್ನೊಬ್ಬರಿಗೆ ಹೇಸಿಗೆ. ವಸಾಹತು ಮಾಡಲು ಬಂದವರ ನಾಡಿನ ಸೈನಿಕ, ಆ ನೆಲದ ಹುಡುಗಿ. ಇವರಿಬ್ಬರ ನಡುವೆ ನಂಬಿಕೆ ಹುಟ್ಟಬೇಕು. ನೀನಾಗಿದ್ದರೆ "ನಮ್ಮ ಜನ ಬೇರೆ ಇರಬಹುದು, ಆದರೆ ನಮ್ಮ ಹೃದಯ ಒಂದೇ" ಅಂತ ಯಾರ ಬಾಯಲ್ಲಾದರೂ ಹಾಕಿಸುತ್ತಿದ್ದೆ. ನೋಡಾ ಇಬ್ಬರಿಗೂ ಬಡಿಸಿದರು. ಊಟದ ಮಧ್ಯೆ ಕೃತಜ್ಞತೆಗೆ ಹೇಳುವ "ಹಿನ್ನಾ" ಅನ್ನುವ ಐನು ಮಾತು ಮೊದಲು ಅಸಿರ್ಪಾಳ ಬಾಯಲ್ಲಿತ್ತು. ನಿಧಾನಕ್ಕೆ ಸುಗಿಮೊಟೊಗೆ ಬಂತು, ಜೈಲು ಒಡೆದು ಓಡುವ ಶಿರೈಶಿಗೂ ಬಂತು. ಆಮೇಲೆ ನೋಡುತ್ತಿದ್ದ ನಮಗೂ ಬಂತು. ನನ್ನ ಮಗಳು ಈಗಲೂ ಬಿಸಿಬೇಳೆಬಾತ್ ತಿನ್ನುತ್ತಾ "ಹಿನ್ನಾ" ಅನ್ನುತ್ತಾಳೆ. ನೆನಪಿನಲ್ಲಿ ಉಳಿಯುವ ಮಾತು ಬೇಕು ಅಂದೆಯಲ್ಲ, ಇದಕ್ಕಿಂತ ಬೇಕಾ?

ಇನ್ನೊಂದು ಇದೆ, ಇದನ್ನು ನಿಧಾನವಾಗಿ ಓದು. ಚಿತತಪ್. ಮಾಂಸವನ್ನು ಕತ್ತಿಯಿಂದ ಕೊಚ್ಚಿ ಕೊಚ್ಚಿ ನುಣ್ಣಗೆ ಮಾಡುವ ಅಡುಗೆ. ಎಲ್ಲರೂ ಸರದಿಯ ಮೇಲೆ ಕೊಚ್ಚಬೇಕು, ಕೊಚ್ಚುವಾಗ "ಚಿತತಪ್ ಚಿತತಪ್" ಅನ್ನುತ್ತಲೇ ಇರಬೇಕು. ಇದು ಅಸಿರ್ಪಾಳ ಕಟ್ಟಪ್ಪಣೆ. ಮೀಸೆ ಹೊತ್ತ ಕೊಲೆಗಡುಕರು, ಓಡಿಹೋದ ಸೈನಿಕರು, ಎಲ್ಲರೂ ಮಕ್ಕಳ ಹಾಗೆ ಅನ್ನುತ್ತಾರೆ. ಒಗಾಟಾ ಒಬ್ಬ ಮಾತ್ರ ಅನ್ನುವುದಿಲ್ಲ. ಅವನು ಗುರಿಕಾರ, ತಣ್ಣನೆಯ ಮನುಷ್ಯ, ಯಾರ ಪಕ್ಷ ಅಂತ ಯಾರಿಗೂ ಗೊತ್ತಿಲ್ಲ. ಅಸಿರ್ಪಾ ಪ್ರತಿ ಸಲ ಕೇಳುತ್ತಾಳೆ, ಅವನು ಬಾಯಿ ಮುಚ್ಚಿಕೊಂಡು ಕೊಚ್ಚುತ್ತಾನೆ. ಒಂದು ರಾತ್ರಿ, ಎಲ್ಲರೂ ಸೇರಿರುವಾಗ, ಕೇಳಿಯೂ ಕೇಳಿಸದ ಹಾಗೆ ಒಂದು ಸಲ ಅಂದುಬಿಡುತ್ತಾನೆ. ಅವಳ ಸಂಭ್ರಮ ನೋಡಬೇಕು. ಕೇಳಿಸಿತಾ, ಕೇಳಿಸಿತಾ, ಒಗಾಟಾ ಅಂದ ಅಂತ ಎಲ್ಲರನ್ನೂ ಕೇಳುತ್ತಾಳೆ.

ಮುಂದೆ ಅಬಾಶಿರಿ ಜೈಲಿನಲ್ಲಿ ಅದೇ ಒಗಾಟಾ ಅವಳ ತಂದೆಗೂ ಸುಗಿಮೊಟೊಗೂ ಗುಂಡು ಹೊಡೆಯುತ್ತಾನೆ.

ಒಂದೇ ಒಂದು ಪದ, ಅಡುಗೆಯ ಪದ. ಅದರಲ್ಲಿ ತತ್ವ ಇಲ್ಲ, ಉಪಮೆ ಇಲ್ಲ. ಆದರೆ ಆ ಗುಂಡಿನ ಸದ್ದಿಗೆ ಆ ರಾತ್ರಿಯ ಸಂಭ್ರಮ ಹೇಗೆ ತಿರುಗಿಬಿತ್ತು! ಅವನು ಆ ಹೊತ್ತಿನಲ್ಲಿ ನಿಜವಾಗಿ ಅವರಲ್ಲಿ ಒಬ್ಬನಾಗಿದ್ದನೋ, ಅದೂ ನಾಟಕವೋ? ಜನ ಇನ್ನೂ ಜಗಳ ಆಡುತ್ತಿದ್ದಾರೆ. "ದ್ರೋಹ ಮಾಡುವವನೂ ಒಮ್ಮೆ ನಮ್ಮ ಜತೆ ಉಂಡವನೇ" ಅಂತ ಯಾರಾದರೂ ಹೇಳಿಬಿಟ್ಟಿದ್ದರೆ ಆ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನು ಜಿಂಕೆಯ ಮಾತು. ಇದನ್ನು ನೀನು ಬರೆದುಕೊಂಡಿದ್ದೀಯ, ಪಕ್ಕದಲ್ಲಿ ಎರಡು ನಕ್ಷತ್ರ ಹಾಕಿದ್ದೀಯ. ಜಿಂಕೆಯ ಬಿಸಿ ನಿನಗೆ ಬಂದು ನಿನ್ನನ್ನು ಬದುಕಿಸುತ್ತದೆ, ಅದು ಹೋರಾಡಿ ಬದುಕಿದ್ದಕ್ಕಿದ್ದ ಬೆಲೆ ಅಳಿಸಿಹೋಗುವುದಿಲ್ಲ ಅನ್ನುವ ಅರ್ಥದ ಅಸಿರ್ಪಾಳ ಮಾತು. ಇದು ದೊಡ್ಡ ಮಾತೇ, ತಕರಾರಿಲ್ಲ. ಪಾತ್ರಗಳು ದೊಡ್ಡ ಮಾತು ಆಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಈ ಮಾತು ಭಾಷಣ ಆಗದೆ ಉಳಿದದ್ದು ಹೇಗೆ ಅಂತ ಕೇಳುತ್ತಿದ್ದೇನೆ.

ಅದಕ್ಕೆ ಮುಂಚೆ ಏನಾಗುತ್ತದೆ? ಗಾಯಗೊಂಡ ಜಿಂಕೆ ಓಡುತ್ತಲೇ ಇರುತ್ತದೆ. ಇವರು ಹಿಮದಲ್ಲಿ ರಕ್ತದ ಜಾಡು ಹಿಡಿದು ಬೆನ್ನು ಹತ್ತುತ್ತಾರೆ. ಜಿಂಕೆ ಬಿಟ್ಟುಕೊಡುವುದಿಲ್ಲ. ಕೊನೆಗೆ ಎದುರಿಗೆ ಸಿಕ್ಕಾಗ ಸುಗಿಮೊಟೊಗೆ ಕೈ ಬರುವುದಿಲ್ಲ. ಮನುಷ್ಯರನ್ನು ಕೊಲ್ಲಲು ಹಿಂಜರಿಯದವನು ಈ ಪ್ರಾಣಿಯ ಕಣ್ಣಿನಲ್ಲಿ ಯುದ್ಧಭೂಮಿಯ ತನ್ನನ್ನೇ ಕಾಣುತ್ತಾನೆ. ಆಮೇಲೆ ಚಳಿಯಲ್ಲಿ ಮರಗಟ್ಟಿದ ಕೈಯನ್ನು ಜಿಂಕೆಯ ಒಡಲಿನೊಳಗೆ ಇಡುತ್ತಾನೆ. ಬೆಚ್ಚಗಿದೆ. ಆಗ ಅಸಿರ್ಪಾ ಮಾತಾಡುತ್ತಾಳೆ. ಅಂದರೆ ಅವಳು ಏನು ಹೇಳುತ್ತಾಳೋ ಅದನ್ನು ಅವನ ಕೈ ಆಗಲೇ ತಿಳಿದಾಗಿದೆ. ಮಾತಿಗಿಂತ ಮೊದಲು ಬಿಸಿ ಬಂತು. ನಿನ್ನ ಕಥೆಯಲ್ಲಿ ಮೊದಲು ಮಾತು ಬರುತ್ತದೆ, ಅದಕ್ಕೆ ತಕ್ಕ ಹಾಗೆ ಆಮೇಲೆ ಮಳೆ ಸುರಿಯುತ್ತದೆ.

ಇನ್ನೂ ಒಂದು ಸಂಗತಿ ಇದೆ, ಇದು ತೆರೆಯ ಮೇಲೆ ಕಾಣುವುದಿಲ್ಲ. ಆ ಹುಡುಗಿ ಜಿಂಕೆಯ ಬಗ್ಗೆ ಮಾತಾಡುವ ಹೊತ್ತಿಗೆ ಐನು ಜನರಿಗೂ ಜಿಂಕೆಗೂ ಏನೇನಾಗಿತ್ತು ಗೊತ್ತಾ? 1869ರಲ್ಲಿ ಜಪಾನಿನ ಮೇಜಿ ಸರ್ಕಾರ ಆ ದ್ವೀಪಕ್ಕೆ ಹೊಕ್ಕೈಡೊ ಅಂತ ಹೆಸರಿಟ್ಟು ತನ್ನದು ಮಾಡಿಕೊಂಡಿತು. 1876ರಲ್ಲಿ ಐನು ಬೇಟೆಗಾರರ ವಿಷದ ಬಾಣವನ್ನು ನಿಷೇಧಿಸಿತು. ಜಿಂಕೆ ಮಾಂಸವನ್ನು ಡಬ್ಬಿಗೆ ತುಂಬುವ ಸರ್ಕಾರಿ ಕಾರ್ಖಾನೆ ಬಂತು. 1879ರ ಭಾರೀ ಹಿಮಕ್ಕೆ ಜಿಂಕೆಗಳು ಹಿಂಡುಹಿಂಡಾಗಿ ಸತ್ತವು, ಅವನ್ನು ನಂಬಿದ ಜನ ಹಸಿದರು. ತಿನ್ನಲು ಜಿಂಕೆ ಸಿಗದ ತೋಳಗಳು ಕುದುರೆಗಳ ಮೇಲೆ ಬಿದ್ದಾಗ ಅವುಗಳಿಗೆ ವಿಷ ಹಾಕಿದರು. ಹೊಕ್ಕೈಡೊದ ತೋಳ ಆ ಶತಮಾನ ಮುಗಿಯುವ ಹೊತ್ತಿಗೆ ನಿರ್ನಾಮವಾಯಿತು. ಅಸಿರ್ಪಾಳ ಜತೆಗಿರುವ ಬಿಳಿ ತೋಳ ರೆತಾರ್ ಕಥೆಯಲ್ಲಿ ಆ ಸಂತತಿಯಲ್ಲಿ ಉಳಿದ ಕೆಲವೇ ತೋಳಗಳಲ್ಲಿ ಒಂದು. ನಿಷೇಧವಾದ ಅದೇ ವಿಷದ ಬಾಣ ಅವಳ ಬತ್ತಳಿಕೆಯಲ್ಲಿದೆ. ಹೀಗೆ ಒಂದು ಜನಾಂಗದ ಅನ್ನವನ್ನೇ ಕಿತ್ತುಕೊಂಡ ಮೇಲೆ, ಆ ಜನಾಂಗದ ಹುಡುಗಿ ಕಿತ್ತುಕೊಂಡವರ ಸೈನ್ಯದಿಂದ ಬಂದವನ ಕೈ ಬೆಚ್ಚಗೆ ಮಾಡುತ್ತಾಳೆ. ನೋಡಾ ಇದನ್ನೆಲ್ಲ ಆ ದೃಶ್ಯಕ್ಕೆ ತುರುಕುವುದಿಲ್ಲ. ಆದರೆ ಗೊತ್ತಿದ್ದು ಬರೆದವರ ಕೈ ಬೇರೆ ಥರ ಇರುತ್ತದೆ.

ಅವರು ಹುಟ್ಟಿ ಬೆಳೆದದ್ದು ಹೊಕ್ಕೈಡೊದಲ್ಲಿ, ಆದರೆ ಅವರು ಐನು ಅಲ್ಲ. ಚೀಬಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ನಕಗಾವಾ ಹಿರೋಶಿ ಅವರಿಂದ ಐನು ಭಾಷೆಯನ್ನು ಪರಿಶೀಲಿಸಿಕೊಂಡರು. ಐನು ಜನರನ್ನು ಹೋಗಿ ಕಂಡರು. ನಮ್ಮನ್ನು ಅಯ್ಯೋ ಪಾಪ ಅನ್ನುವ ಹಾಗೆ ಬರೆಯಬೇಡ, ಗಟ್ಟಿ ಜನರನ್ನಾಗಿ ಬರೆ ಅನ್ನುವ ಸಲಹೆ ಅವರಿಗೆ ಸಿಕ್ಕಿದ್ದು ಅಲ್ಲಿಂದಲೇ. ಅಸಿರ್ಪಾ ಹೇಗಿದ್ದಾಳೆ ನೋಡು. ಬಾಣ ಹೂಡುತ್ತಾಳೆ, ವಿಕಾರವಾಗಿ ಮುಖ ಮಾಡುತ್ತಾಳೆ, ಹೇಲಿನ ಜೋಕು ಹೇಳುತ್ತಾಳೆ, ದೊಡ್ಡವರನ್ನು ಗದರುತ್ತಾಳೆ. ಅವಳು ಜ್ಞಾನ ಹಂಚಲು ಬಂದ ಕಾಡಿನ ಹುಡುಗಿ ಅಲ್ಲ. ಅದಕ್ಕೇ ಅವಳು ಜ್ಞಾನದ ಮಾತು ಆಡಿದಾಗ ನಾವು ಕೇಳುತ್ತೇವೆ. ನಿನ್ನ ಕಥೆಯ ಕೊನೆಗೆ ಬರುವ ಆ ಕಾಡಿನ ಅಜ್ಜ ಬರೀ ಗಾದೆಯಲ್ಲೇ ಮಾತಾಡುತ್ತಾನೆ. ಅವನಿಗೆ ಹಲ್ಲುನೋವು ಬರುವುದಿಲ್ಲವಾ? ಸೊಸೆಯ ಮೇಲೆ ಸಿಟ್ಟು ಇಲ್ಲವಾ?

ನಿಷ್ಠೆಯ ಪುಟದಲ್ಲಿ ನೀನು ಬರೆದುಕೊಂಡಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತು ತ್ಸುರುಮಿಯವು. ಇದು ನನಗೆ ತಮಾಷೆ ಅನಿಸಿತು, ಸ್ವಲ್ಪ ಕಳವಳವೂ ಆಯಿತು. ಇಡೀ ಕಥೆಯಲ್ಲಿ ಅತಿ ಸೊಗಸಾಗಿ ಮಾತಾಡುವವನು ಅವನೇ, ನಿಜ. ಏಳನೇ ಡಿವಿಷನ್ನಿನ ಲೆಫ್ಟಿನೆಂಟ್, ಹಣೆಗೆ ಲೋಹದ ತಗಡು, ಜೇನಿನಂಥ ಮಾತು. ಸತ್ತ ಸೈನಿಕರ ಬಗ್ಗೆ, ಅವರ ಮನೆಯವರ ಬಗ್ಗೆ, ಒಗ್ಗಟ್ಟಿನ ಬಗ್ಗೆ ಅವನು ಆಡುವ ಮಾತು ಕೇಳಿದರೆ ಯಾರಾದರೂ ಅವನ ಹಿಂದೆ ಹೋಗಿಬಿಡುತ್ತಾರೆ. ಹೋಗುತ್ತಾರೆ ಕೂಡ. ಆದರೆ ಅವನು ಮಾಡುವುದೇನು? ತನ್ನ ಕೈಕೆಳಗಿನ ತ್ಸುಕಿಶಿಮಾಗೆ ಅವನು ಪ್ರೀತಿಸಿದ ಹುಡುಗಿಯ ಬಗ್ಗೆ ಒಂದು ಸಲ ಒಂದು ಹೇಳುತ್ತಾನೆ, ಇನ್ನೊಂದು ಸಲ ಇನ್ನೊಂದು. ಕೈಕೆಳಗಿನ ಇನ್ನೊಬ್ಬ, ಕೊಯಿಟೊ, ಹುಡುಗನಾಗಿದ್ದಾಗ ಅವನ ಅಪಹರಣವನ್ನೇ ತಾನು ನಡೆಸಿ, ತಾನೇ ಬಿಡಿಸಿ, ಅವನ ಜೀವಮಾನದ ಭಕ್ತಿಯನ್ನು ಗಿಟ್ಟಿಸಿಕೊಳ್ಳುತ್ತಾನೆ. ಪ್ರತಿಯೊಬ್ಬನಿಗೂ ತಾನೇ ಅವನಿಗೆ ಹತ್ತಿರದವನು ಅನ್ನಿಸುತ್ತದೆ. ಅವನ ಕೈಯಲ್ಲಿ ಸುಂದರ ಮಾತು ಒಂದು ಆಯುಧ. ನಿನ್ನ ಪುಟಕ್ಕೆ ಬಂದಿರುವುದು ಆ ಆಯುಧಗಳು!

ಎದುರುಗಡೆ ತಾನಿಗಾಕಿಯನ್ನು ನೋಡು. ಗಾಯಗೊಂಡಾಗ ಅಸಿರ್ಪಾಳ ಅಜ್ಜಿಯ ಮನೆಯಲ್ಲಿ ಆರೈಕೆ ಪಡೆದವನು. ಅಜ್ಜಿ ಹುಚಿಗೆ ಕೆಟ್ಟ ಕನಸು ಬಿದ್ದು, ಮೊಮ್ಮಗಳನ್ನು ಇನ್ನು ನೋಡುವುದಿಲ್ಲವೇನೋ ಅಂತ ಹಾಸಿಗೆ ಹಿಡಿದಾಗ, ಅವಳನ್ನು ಕರೆದುಕೊಂಡು ಬರುತ್ತೇನೆ ಅಂತ ಹೊರಡುತ್ತಾನೆ. ಅಷ್ಟೇ. ಆಮೇಲೆ ಎಲ್ಲಿ ಸುತ್ತಿದರೂ ಆ ಒಂದು ಮಾತಿನ ಸಾಲ ತೀರಿಸುವುದೇ ಅವನ ಕೆಲಸ. ಅವನ ಒಂದು ಮಾತೂ ನಿನ್ನ ಪಟ್ಟಿಗೆ ಬಂದಿಲ್ಲ. ಬರುವುದೂ ಇಲ್ಲ, ಯಾಕೆಂದರೆ ಅವನ ನಿಷ್ಠೆ ನಡಿಗೆಯಲ್ಲಿದೆ. ನೋಡಾ ಬೇಕೆಂದೇ ಹೀಗೆ ಮಾಡಿದ್ದಾರೆ ಅಂತ ನನ್ನ ನಂಬಿಕೆ. ಚೆಂದದ ಮಾತನ್ನು ಸುಳ್ಳನಿಗೆ ಕೊಟ್ಟರು, ದಾರಿಯನ್ನು ನಿಜವಾದವನಿಗೆ ಕೊಟ್ಟರು. ನಿನ್ನ ಮುಂದಿನ ಕಥೆಯಲ್ಲಿ ಇದನ್ನು ಒಮ್ಮೆ ಪ್ರಯತ್ನಿಸಿ ನೋಡು. ನಿನಗೆ ತೋಚಿದ ಅತ್ಯಂತ ಚೆಂದದ ವಾಕ್ಯವನ್ನು ನಿನಗೆ ನಂಬಿಕೆಯಿಲ್ಲದ ಪಾತ್ರದ ಬಾಯಲ್ಲಿ ಹಾಕು.

"ಸ್ವರ್ಗದಿಂದ ಯಾವ ಕೆಲಸವೂ ಇಲ್ಲದೆ ಇಳಿದು ಬಂದದ್ದು ಒಂದೂ ಇಲ್ಲ." ಇದನ್ನು ನೀನು ಅಸಿರ್ಪಾಳ ಹೆಸರಿನಲ್ಲಿ ಬರೆದಿದ್ದೀಯ. ಇದು ಅವಳದ್ದೂ ಅಲ್ಲ, ನೋಡಾ ಅವರದ್ದೂ ಅಲ್ಲ. ಐನು ಜನರ ಹಳೆಯ ಮಾತು, ಮಂಗಾದ ಪ್ರತಿ ಸಂಪುಟದಲ್ಲೂ ಅಚ್ಚಾಗಿದೆ. ಬೇರೆಯವರ ಮಾತನ್ನು ತಂದರೆ ಅದನ್ನು ಹೊಸ್ತಿಲಲ್ಲೇ ಇಡಬೇಕು, ಒಳಗೆ ತಂದು ನಮ್ಮದು ಅಂತ ಮಾರಬಾರದು. ಅವರು ಮಾಡಿದ್ದು ಅದನ್ನೇ. ಆಮೇಲೆ ಇಡೀ ಕಥೆ ಆ ಮಾತಿಗೆ ಪ್ರಶ್ನೆ ಹಾಕುತ್ತಾ ಹೋಗುತ್ತದೆ. ಯುದ್ಧ ಮುಗಿದ ಮೇಲೆ ಸೈನಿಕನಿಗೆ ಏನು ಕೆಲಸ? ಜನರನ್ನು ಕೊಲ್ಲಿಸುತ್ತಲೇ ಇರುವ ಬಂಗಾರಕ್ಕೆ ಏನು ಕೆಲಸ? ಎಲ್ಲರೂ ಸತ್ತ ಮೇಲೆ ಉಳಿದವನಿಗೆ?

ನಿನಗೆ ಇನ್ನೊಂದು ಪುಸ್ತಕ ಓದಿಸಬೇಕು. ಅನಿಮೆಯ ಐನು ಮಾತುಗಳು ಇಷ್ಟವಾಗಿದ್ದರೆ ಅವು ಬಂದ ಕಡೆಗೂ ಹೋಗಬೇಕಲ್ಲ. ಚಿರಿ ಯುಕಿಯೆ ಅಂತ ಒಬ್ಬ ಹುಡುಗಿ. 1903ರಲ್ಲಿ ನೊಬೊರಿಬೆತ್ಸುವಿನಲ್ಲಿ ಹುಟ್ಟಿದವಳು. ಅಜ್ಜಿಯ ಬಾಯಿಂದ ಹಾಡು ಕೇಳಿ ಬೆಳೆದಳು, ಜಪಾನಿ ಶಾಲೆಯಲ್ಲಿ ಓದಿದಳು. ಭಾಷಾವಿದ್ವಾಂಸ ಕಿಂದಾಇಚಿ ಕ್ಯೋಸುಕೆ ಅವಳನ್ನು ಟೋಕಿಯೊಗೆ ಕರೆಸಿಕೊಂಡರು. ಅಲ್ಲಿ ಅವರ ಮನೆಯಲ್ಲಿದ್ದುಕೊಂಡು ತಾನು ಬರೆದಿಟ್ಟಿದ್ದ 13 ದೇವರ ಹಾಡುಗಳನ್ನು ತಿದ್ದಿ ಮುಗಿಸಿದಳು. 1922ರ ಸೆಪ್ಟೆಂಬರ್‌ನಲ್ಲಿ, ಆ ಕೆಲಸ ಮುಗಿಯುತ್ತಿದ್ದ ಹಾಗೆಯೇ, ಹೃದಯದ ಕಾಯಿಲೆಯಿಂದ ತೀರಿಕೊಂಡಳು. ಆಗ ಅವಳಿಗೆ 19. ಪುಸ್ತಕ ಬಂದದ್ದು 1923ರಲ್ಲಿ. ಒಂದು ಕಡೆ ಐನು ಮಾತು ರೋಮನ್ ಅಕ್ಷರದಲ್ಲಿ, ಎದುರಿಗೆ ಅವಳದೇ ಜಪಾನಿ ಅನುವಾದ. ಇಂಗ್ಲಿಷ್‌ನಲ್ಲಿ ಸಾರಾ ಸ್ಟ್ರಾಂಗ್ ಅವರ ಅನುವಾದ ಸಿಗುತ್ತದೆ. ನಿನಗಿಂತ ಚಿಕ್ಕವಳು ಮಾಡಿದ ಕೆಲಸ ಅನ್ನುವುದನ್ನು ಮರೆಯದೆ ಓದು.

ಈ ಹಾಡುಗಳಲ್ಲಿ ದೇವರೇ "ನಾನು" ಅಂತ ಕಥೆ ಹೇಳುತ್ತದೆ. ಗೂಬೆ ದೇವರು, ನರಿ, ಕಪ್ಪೆ, ಎಲ್ಲವೂ. ಪ್ರತಿ ಹಾಡಿಗೂ ಅದರದೇ ಒಂದು ಪಲ್ಲವಿ, ಅದು ಮತ್ತೆ ಮತ್ತೆ ಮರಳುತ್ತದೆ. ಮಾದೇಶ್ವರನ ಕಥೆ ಹಾಡುವಾಗ ಕಂಸಾಳೆಯ ಹಿಮ್ಮೇಳ ಸೊಲ್ಲು ಹಿಡಿಯುವ ಹಾಗೆ ಅಂದುಕೋ.

ಮೊದಲ ಹಾಡು ಗೂಬೆ ದೇವರದ್ದು. "ಬೆಳ್ಳಿ ಹನಿ ಬೀಳಲಿ ಬೀಳಲಿ ಸುತ್ತಲೂ, ಬಂಗಾರದ ಹನಿ ಬೀಳಲಿ ಬೀಳಲಿ ಸುತ್ತಲೂ" ಅನ್ನುವ ಹಾಗೆ ಹಾಡುತ್ತಾ ಅದು ಹಳ್ಳಿಯ ಮೇಲೆ ಹಾರುತ್ತದೆ. ಐನು ಸಾಹಿತ್ಯದಲ್ಲಿ ಇದಕ್ಕಿಂತ ಹೆಸರಾದ ಸಾಲು ಇಲ್ಲ. ಕೆಳಗೆ ಮಕ್ಕಳು ಬಿಲ್ಲು ಹಿಡಿದು ನಿಂತಿದ್ದಾರೆ. ಹಿಂದೆ ಬಡವರಾಗಿದ್ದು ಈಗ ಸಿರಿವಂತರಾದವರ ಮಕ್ಕಳು ಬಂಗಾರದ ಬಾಣ ಬಿಡುತ್ತಾರೆ. ಹಿಂದೆ ಸಿರಿವಂತರಾಗಿದ್ದು ಈಗ ಬಡವರಾದವರ ಮಗನ ಕೈಯಲ್ಲಿ ಬರೀ ಮರದ ಬಾಣ, ಅವನನ್ನು ಎಲ್ಲರೂ ಗೇಲಿ ಮಾಡುತ್ತಾರೆ. ಗೂಬೆ ಬಂಗಾರದ ಬಾಣಗಳನ್ನೆಲ್ಲ ತಪ್ಪಿಸಿಕೊಳ್ಳುತ್ತದೆ, ಬಡ ಹುಡುಗನ ಬಾಣವನ್ನು ಮಾತ್ರ ತಾನೇ ಕೈ ಚಾಚಿ ಹಿಡಿದುಕೊಂಡು ಕೆಳಗೆ ಬೀಳುತ್ತದೆ. ಬಡವರು ಅದನ್ನು ಮನೆಗೆ ತಂದು ಭಕ್ತಿಯಿಂದ ಇಡುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಗೂಬೆ ಎದ್ದು, ಮೆಲ್ಲಗೆ ಅದೇ ಸಾಲು ಹಾಡುತ್ತಾ ಮನೆಯೊಳಗೆ ಹಾರಾಡುತ್ತದೆ. ರೆಕ್ಕೆ ಬಡಿದಂತೆಲ್ಲ ಸುತ್ತಲೂ ಸಂಪತ್ತು ಬೀಳುತ್ತದೆ.

ಸಾಲು ಅದೇ. ಆಕಾಶದಲ್ಲಿ ಕೇಳಿದಾಗ ಅದು ಬರೀ ಚೆಂದದ ಹಾಡು. ಬಡವನ ಗುಡಿಸಲಿನಲ್ಲಿ ಕೇಳಿದಾಗ ನಿಜವಾಗಿಯೂ ಏನೋ ಬೀಳುತ್ತಿದೆ. ನಡುವೆ ಮಕ್ಕಳ ಗೇಲಿ ಇದೆ, ಮರದ ಬಾಣ ಇದೆ, ಒಂದು ದೇವರು ತಾನಾಗಿ ಬೇಟೆಯಾದದ್ದು ಇದೆ. ಅವೆಲ್ಲ ಇಲ್ಲದೆ ಇನ್ನೂ ಹತ್ತು ಬೆಳ್ಳಿ ಸಾಲು ಬರೆದಿದ್ದರೂ ಈ ತೂಕ ಬರುತ್ತಿರಲಿಲ್ಲ. ಒಗಾಟಾನ "ಚಿತತಪ್" ಕೂಡ ಇದೇ ದಾರಿಯಲ್ಲಿ ಬಂದದ್ದು, ಸುಗಿಮೊಟೊನ ಕೂಗೂ ಅಷ್ಟೇ. ನೀನು ಕೇಳಿದ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ: ಹೊಸ ಮಾತು ಹುಡುಕಬೇಡ, ಆಗಲೇ ಆಡಿದ ಸಾದಾ ಮಾತನ್ನು ಬೇರೆ ಜಾಗಕ್ಕೆ ಕರೆತಾ.

ಬರೀ ಕಥೆಯಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡ. ನಿಬುತಾನಿಯ ಕಯಾನೊ ಶಿಗೆರು ಜಪಾನಿನ ಸಂಸತ್ತಿಗೆ ಹೋದ ಮೊದಲ ಐನು. 1994ರಿಂದ 1998ರವರೆಗೆ ಅಲ್ಲಿದ್ದರು, ಅಲ್ಲಿ ಐನು ಭಾಷೆಯಲ್ಲೂ ಮಾತಾಡಿದರು. ಮತ್ತೆ ಸ್ಪರ್ಧಿಸುವುದಿಲ್ಲ ಅಂದಾಗ ಅವರು ಕೊಟ್ಟ ಕಾರಣ, ಬೇಟೆಯ ಜನ ಕಾಲಡಿ ಬೆಳಕಿರುವಾಗಲೇ ಊರಿಗೆ ಮರಳುತ್ತಾರೆ ಅನ್ನುವುದು. ಬೇರೆ ರಾಜಕಾರಣಿ ಹೇಳಿದ್ದರೆ ಸುಮ್ನೆ ಶೋಕಿ ಆಗುತ್ತಿತ್ತು. ಇವರ ತಂದೆ ಮನೆಯವರಿಗೆ ತಿನ್ನಿಸಲು ಸಾಲ್ಮನ್ ಮೀನು ಹಿಡಿದದ್ದಕ್ಕೆ ಪೊಲೀಸರು ಎಳೆದುಕೊಂಡು ಹೋಗಿದ್ದರು. ಆ ಮಗ ಸಂಸತ್ತು ಬಿಡುವಾಗ ನಮ್ಮದು ಬೇಟೆಯ ಜನ ಅನ್ನುತ್ತಾನೆ. ಮಾತಿನ ಹಿಂದೆ ಒಂದು ಆಯಸ್ಸು ಇದೆ.

ಈಗ ನಿನ್ನ ಕಥೆಗೆ ಬರುತ್ತೇನೆ. ಎರಡನೇ ಭಾಗವನ್ನು ಮತ್ತೆ ಬರೆ. ಭಾಷಣ ತೆಗೆ. ಅವರ ಚೀಲದಲ್ಲಿ ಏನೇನು ಉಳಿದಿದೆ ಅಂತ ಹೇಳು. ಬೆಂಕಿಪೊಟ್ಟಣ ಒದ್ದೆಯಾಗಿದೆಯಾ? ಅವಲಕ್ಕಿ ಎಷ್ಟಿದೆ? ಯಾರು ಜಾಸ್ತಿ ತಿಂದರು? ಕಾಲು ನೆಟ್ಟಗಿರುವವನಿಗೆ ಬಿಟ್ಟು ಹೋಗುವ ಆಸೆ ಬರಲೇಬೇಕು, ಅದನ್ನು ಮುಚ್ಚಿಡಬೇಡ. ಮೊದಲ ಪುಟದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಗೆಳೆಯನಿಗೆ "ನಿನ್ನ ಚಪ್ಪಲಿ ನೋಡಿದ್ರೆ ನಗು ಬರುತ್ತೆ ಕಣೋ" ಅನ್ನುತ್ತಾನಲ್ಲ, ಅದು ನಿನ್ನ ಇಡೀ ಕಥೆಯಲ್ಲಿ ಒಳ್ಳೆಯ ಮಾತು. ನೀನು ಅದನ್ನು ಅಲ್ಲೇ ಬಿಟ್ಟುಬಿಟ್ಟಿದ್ದೀಯ. ಅದು ಇನ್ನೊಂದು ಸಲ ಎಲ್ಲಿ ಬರಬಹುದು ಅಂತ ಯೋಚಿಸು. ನನಗೆ ಒಂದು ಜಾಗ ಹೊಳೆದಿದೆ, ಆದರೆ ಹೇಳುವುದಿಲ್ಲ.

ಆ ಕಾಡಿನ ಅಜ್ಜನನ್ನು ಸದ್ಯಕ್ಕೆ ತೆಗೆದು ಹಾಕು. ಅವನು ಬೇಕೇ ಬೇಕು ಅಂದರೆ ಮೊದಲು ಆ ಊರಿಗೆ ಹೋಗಿ ಅಂಥ ನಾಲ್ಕು ಜನರ ಹತ್ತಿರ ಕೂತು ಬಾ, ಬರೆದದ್ದನ್ನು ಅವರಲ್ಲಿ ಒಬ್ಬರಿಗಾದರೂ ಓದಿ ಹೇಳು. ದೀಪಾವಳಿ ರಜೆ ಇದೆಯಲ್ಲ ನಿನಗೆ. ತಿದ್ದಿದ ಕಥೆಯನ್ನು ಫೋನಿನಲ್ಲಿ ಕಳಿಸಬೇಡ, ನನಗೆ ಕಣ್ಣು ನೋಯುತ್ತದೆ. ಪ್ರಿಂಟ್ ಹಾಕಿಸಿ ಅಂಚೆಗೆ ಹಾಕು, ಸಾಲುಗಳ ನಡುವೆ ಜಾಗ ಬಿಡು. ಈ ಸಲ ನಾನು ಜಾಸ್ತಿ ಗೀಚುವವಳಿದ್ದೇನೆ.

ಪ್ರೀತಿಯಿಂದ,
ನಿನ್ನ ಅಕ್ಕ